ಅಭ್ಯಾಸವಿದ್ದರೆ ಹೀಲಿಯಂ ಬೇಡವೇ?

ಪ್ರಶ್ನೆ: ನೇತ್ರಾಣಿಯಲ್ಲಿ ಸ್ಕೂಬಾ ಶುರು ಮಾಡಿದೆ. ಈಗ ವಿದೇಶದಲ್ಲಿ ಟೆಕ್ನಿಕಲ್ ಡೈವಿಂಗ್ ಕಲಿಯುತ್ತಿದ್ದೇನೆ. 60 ಮೀಟರ್ ಆಳಕ್ಕೆ ಹೀಲಿಯಂ ಬೆರೆಸಿದ ಟ್ರೈಮಿಕ್ಸ್ ಬೇಕು ಅಂತಾರೆ. ಅದು ತುಂಬಾ ದುಬಾರಿ. ಗೆಳೆಯನೊಬ್ಬ ‘ನನಗೆ ಬರೀ ಗಾಳಿಯೇ ಅಭ್ಯಾಸ, ಮಂಪರು ಬರಲ್ಲ’ ಅನ್ನುತ್ತಾನೆ. ಹೀಲಿಯಂ ಇದ್ದರೆ ಬೇಗ ಮೇಲೆ ಬರಬಹುದು ಎನ್ನುವುದು ನಿಜವೇ?

ಉತ್ತರ: ದಯವಿಟ್ಟು ಗೆಳೆಯನ ಮಾತು ನಂಬಬೇಡಿ. ಆಳದ ಒತ್ತಡದಲ್ಲಿ ಗಾಳಿಯ ನೈಟ್ರೋಜನ್ ಅಮಲಿನಂತೆ ತಲೆಗೇರುತ್ತದೆ, ಇದೇ ನೈಟ್ರೋಜನ್ ಮಂಪರು. ಅದು ಹತ್ತಿದವರಿಗೆ ಅದು ಹತ್ತಿದೆ ಅಂತಲೇ ಗೊತ್ತಾಗುವುದಿಲ್ಲ. 1939ರಲ್ಲಿ ಮುಳುಗಿದ ಅಮೆರಿಕದ ಸ್ಕ್ವಾಲಸ್ ಸಬ್‌ಮರೀನ್ ಸುಮಾರು 74 ಮೀಟರ್ ಆಳದಲ್ಲಿತ್ತು. ಗಾಳಿ ಉಸಿರಾಡಿ ಇಳಿದ ನೌಕಾಪಡೆಯ ನುರಿತ ಡೈವರ್‌ಗಳಿಗೇ ಅಲ್ಲಿ ತಲೆ ಓಡಲಿಲ್ಲ. ಅದನ್ನು ಮೇಲೆತ್ತುವ ಕೆಲಸಕ್ಕೆ ಹೀಲಿಯಂ ಬಳಸಿದರು.

ಆದರೆ ನನಗೆ ಮಂಪರಿಗಿಂತ ಜಾಸ್ತಿ ಭಯ ಉಸಿರಿನದು. 60 ಮೀಟರ್‌ನಲ್ಲಿ ಒತ್ತಡ 7 ಬಾರ್. ಅಲ್ಲಿ ಒಂದು ಲೀಟರ್ ಗಾಳಿ ಸುಮಾರು 9 ಗ್ರಾಂ ತೂಗುತ್ತದೆ. 5.2 ಗ್ರಾಂ ಒಳಗಿದ್ದರೆ ಒಳ್ಳೆಯದು, 6.2 ದಾಟಲೇಬಾರದು ಎನ್ನುವುದು ಈಗಿನ ಸಲಹೆ. ಅಷ್ಟು ದಪ್ಪ ಗಾಳಿಯನ್ನು ಎಳೆದು ಬಿಡುವುದೇ ಒಂದು ದುಡಿಮೆ. ಸ್ವಲ್ಪ ಜೋರಾಗಿ ಕಾಲು ಬಡಿದರೂ ಕಾರ್ಬನ್ ಡೈಆಕ್ಸೈಡ್ ಪೂರ್ತಿ ಹೊರಹೋಗದೆ ಮೈಯಲ್ಲಿ ಉಳಿಯುತ್ತದೆ. ಏದುಸಿರು, ಗಾಬರಿ ಶುರುವಾಗುತ್ತದೆ. ಮಂಪರು ಇನ್ನಷ್ಟು ಏರುತ್ತದೆ. ಆಕ್ಸಿಜನ್‌ನಿಂದ ಫಿಟ್ಸ್ ಬರುವ ಅಪಾಯವೂ ಹೆಚ್ಚುತ್ತದೆ. ಎಷ್ಟೇ ಅಭ್ಯಾಸ ಮಾಡಿದರೂ ಗಾಳಿ ಹಗುರವಾಗುವುದಿಲ್ಲ, ಅಲ್ವಾ?

18/45 ಟ್ರೈಮಿಕ್ಸ್ ತೆಗೆದುಕೊಳ್ಳಿ. ಅಂದರೆ ನೂರರಲ್ಲಿ 18 ಪಾಲು ಆಕ್ಸಿಜನ್, 45 ಪಾಲು ಹೀಲಿಯಂ, ಉಳಿದದ್ದು ನೈಟ್ರೋಜನ್. ಅದೇ ಆಳದಲ್ಲಿ ಲೀಟರಿಗೆ ಸುಮಾರು 5.6 ಗ್ರಾಂ. ಆಕ್ಸಿಜನ್‌ಗೂ ಮಂಪರು ತರುವ ಗುಣವಿದೆ ಎಂದು ಲೆಕ್ಕ ಹಾಕಿದರೂ, ಗಾಳಿಯಲ್ಲಿ 29 ಮೀಟರ್ ಇಳಿದಷ್ಟೇ ಮಂಪರು.

ಬೇಗ ಮೇಲೆ ಬರಬಹುದು ಎನ್ನುವುದು ಮಾತ್ರ ತಪ್ಪು. ನೈಟ್ರೋಜನ್‌ನಂತೆ ಹೀಲಿಯಂ ಕೂಡ ಮೈಯೊಳಗೆ ಕರಗುತ್ತದೆ, ಅದು ಹೊರಹೋಗಲು ಹೊತ್ತು ಬೇಕು. ಡೈವ್ ಕಂಪ್ಯೂಟರಿಗೆ ಸರಿಯಾದ ಮಿಶ್ರಣ ಕೊಡಿ. ಮೇಲೆ ಬರುವಾಗ ಅದು ಹೇಳಿದ ಆಳಗಳಲ್ಲಿ, ಹೇಳಿದಷ್ಟು ಹೊತ್ತು ನಿಲ್ಲಿ.

ನೀರು ಒಳಬಿಡದ, ಒಳಗೆ ಗ್ಯಾಸ್ ತುಂಬಿಸಿಕೊಳ್ಳುವ ಡ್ರೈಸೂಟ್ ಉಡುಪಿಗೆ ಟ್ರೈಮಿಕ್ಸ್ ತುಂಬಿಸಬೇಡಿ. ಹೀಲಿಯಂ ಗಾಳಿಗಿಂತ ಸುಮಾರು ಆರು ಪಟ್ಟು ಬೇಗ ಶಾಖ ಸಾಗಿಸುತ್ತದೆ, ಚಳಿಗೆ ನಡುಗಿಬಿಡುತ್ತೀರಿ.

ಮುಂದೆ ಇನ್ನೂ ಆಳಕ್ಕೆ 10/70 ಬಳಸುವ ದಿನ ಬಂದರೆ, ನೀರಿನ ಮೇಲೆ ಅದನ್ನು ಉಸಿರಾಡಲೇಬೇಡಿ. ಅದರಲ್ಲಿ ಆಕ್ಸಿಜನ್ ಬರೀ 10 ಪಾಲು, ಪ್ರಜ್ಞೆ ತಪ್ಪುತ್ತದೆ. ಹಾಗಾಗಿ ಸಿಲಿಂಡರ್ ತುಂಬಿಸಿಕೊಟ್ಟವರು ಎಷ್ಟೇ ಪರಿಚಯದವರಾಗಿರಲಿ, ಒಳಗಿರುವ ಗ್ಯಾಸನ್ನು ಅನಲೈಸರ್‌ನಿಂದ ನೀವೇ ಅಳೆಯಿರಿ. ಬಂದ ಅಂಕಿಯನ್ನು ಟೇಪಿನ ಮೇಲೆ ಬರೆದು ಸಿಲಿಂಡರಿಗೆ ಅಂಟಿಸಿ.