ಸಿಂಗಲ್ ಆಗಿ ಚಳಿಯ ಮಹಾನಗರಕ್ಕೆ ಹೋಗಬೇಕಾ? ಮೊದಲು ಹೋಗುವ ತಿಂಗಳು ನೋಡಿ

ನೀವು ಕೇಳಿರುವುದು ಇಷ್ಟು: ವಯಸ್ಸು ಮೂವತ್ತು ದಾಟಿದೆ, ಮದುವೆಯಾಗಿಲ್ಲ, ಸದ್ಯಕ್ಕೆ ಜೊತೆಗೂ ಯಾರಿಲ್ಲ. ಒಂದು ದೊಡ್ಡ ನಗರದಲ್ಲಿ ಇಷ್ಟದ ಕೆಲಸ ಸಿಕ್ಕಿದೆ. ಆದರೆ ಅಲ್ಲಿ ವರ್ಷಕ್ಕೆ ನಾಲ್ಕೈದು ತಿಂಗಳು ಹಿಮ. ಪರಿಚಯದವರು ಇಬ್ಬರೋ ಮೂವರೋ. ಹೋದರೆ ಒಂಟಿತನ ಇನ್ನೂ ಜಾಸ್ತಿ ಆಗುತ್ತದಾ, ಹೋಗದಿದ್ದರೆ ಮುಂದೆ ಕೊರಗುತ್ತೇನಾ, ಅಲ್ಲಿ ಸಂಗಾತಿ ಸಿಗುತ್ತಾರಾ ಎಂಬ ತಳಮಳ.

ನಾನು ಅಂಥದ್ದೇ ಒಂದು ನಗರಕ್ಕೆ ಒಬ್ಬಳೇ ಹೋಗಿ ಹಲವು ಚಳಿಗಾಲ ಕಳೆದವಳು. ನನ್ನ ಉತ್ತರ, ಹೋಗಿ. ಆದರೆ ಸಂಬಳದ ಬಗ್ಗೆ ಎಷ್ಟು ಗಟ್ಟಿಯಾಗಿ ಮಾತಾಡುತ್ತೀರೋ, ಕೆಲಸಕ್ಕೆ ಸೇರುವ ತಿಂಗಳ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತಾಡಿಕೊಂಡು ಹೋಗಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಚಳಿಯ ಮಾತು ಮುಗಿಸಿಬಿಡೋಣ, ಎಲ್ಲರೂ ಹೆದರಿಸುವುದು ಅದನ್ನೇ ಹೇಳಿ ಅಲ್ವಾ? ಮೈನಸ್ ಹದಿನೈದು ಡಿಗ್ರಿ ಇರುವ ಬೆಳಿಗ್ಗೆ ಬಾಗಿಲು ತೆಗೆದು ಹೊರಗೆ ಕಾಲಿಟ್ಟರೆ ಮೊದಲ ಉಸಿರಿಗೇ ಮೂಗಿನೊಳಗಿನ ಕೂದಲು ಸೆಟೆದುಕೊಳ್ಳುತ್ತದೆ. ಫೋನ್ ನೋಡಲು ಒಂದು ಗ್ಲೌಸ್ ತೆಗೆದರೆ ಸ್ವಲ್ಪ ಹೊತ್ತಿಗೆಲ್ಲ ಬೆರಳ ತುದಿ ಉರಿಯುತ್ತದೆ. ಬಸ್ಸಿನೊಳಗೆ ಹೋದ ಕೂಡಲೇ ಕನ್ನಡಕ ಪೂರ್ತಿ ಮಂಜಾಗಿ ಏನೂ ಕಾಣುವುದಿಲ್ಲ. ಇದಕ್ಕೆಲ್ಲ ಮೈ ಒಗ್ಗುತ್ತದೆ. ಒಳಗೆ ತೆಳುವಾದ ಉಣ್ಣೆಯದ್ದು, ನಡುವೆ ಬೆಚ್ಚಗಿನದ್ದು, ಮೇಲೆ ಗಾಳಿ ತಡೆಯುವ ಕೋಟು. ಮೈಗೆ ತಾಗುವ ಬಟ್ಟೆ ಮಾತ್ರ ಹತ್ತಿಯದ್ದು ಬೇಡ. ಅದು ಬೆವರು ಹೀರಿಕೊಂಡು ಒದ್ದೆಯಾಗಿಯೇ ಇದ್ದು ಮೈ ತಣ್ಣಗೆ ಮಾಡುತ್ತದೆ. ಜಾಸ್ತಿ ದುಡ್ಡು ಹಾಕುವುದಾದರೆ ಬೂಟಿಗೆ ಹಾಕಿ. ಹಿಮದ ಮೇಲೆ ನಡೆಯುವುದು ಸುಲಭ. ಹಿಮ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ, ಕಣ್ಣಿಗೇ ಕಾಣದ ಮಂಜುಗಡ್ಡೆಯ ಮೇಲೆ ನಡೆಯುವುದು ಕಷ್ಟ. ಹವಾಮಾನ ವರದಿಯಲ್ಲಿ ಬರೀ ಉಷ್ಣಾಂಶ ನೋಡಬೇಡಿ, ಗಾಳಿ ಸೇರಿಸಿ ಹೇಳುವ ವಿಂಡ್ ಚಿಲ್ ನೋಡಿ. ಅದು ಮೈನಸ್ 28ರ ಕೆಳಗೆ ಹೋದರೆ, ಮುಚ್ಚಿಕೊಳ್ಳದ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೆಪ್ಪುಗಟ್ಟಬಹುದು ಎಂದು ಕೆನಡಾದ ಹವಾಮಾನ ಇಲಾಖೆ ಎಚ್ಚರಿಸುತ್ತದೆ. ಅಂಥ ದಿನ ಧೈರ್ಯ ತೋರಿಸುವ ಕೆಲಸ ಬೇಡ.

ಮನೆಯೊಳಗೆ ಚಳಿ ಇರುವುದಿಲ್ಲ. ಇಂಥ ನಗರಗಳಲ್ಲಿ ಮನೆ ಬೆಚ್ಚಗಿಡುವುದಕ್ಕೂ ಕಾನೂನು ಇರುವುದುಂಟು. ಉದಾಹರಣೆಗೆ ಚಿಕಾಗೋದಲ್ಲಿ, ಹೀಟರ್ ಬಾಡಿಗೆದಾರರ ಕೈಯಲ್ಲಿ ಇಲ್ಲದ ಮನೆಗಳನ್ನು ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಹಗಲಲ್ಲಿ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದು ಮನೆ ಮಾಲೀಕರ ಜವಾಬ್ದಾರಿ. ನೀವು ಹೋಗುವ ಕಡೆ ಏನು ನಿಯಮ ಇದೆ, ಹೀಟರ್ ಖರ್ಚು ಬಾಡಿಗೆಯಲ್ಲೇ ಸೇರಿದೆಯಾ, ಬೇರೆ ಕಟ್ಟಬೇಕಾ ಎಂದು ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿ. ಒಬ್ಬರೇ ಎಲ್ಲ ಬಿಲ್ಲು ಕಟ್ಟುವವರಿಗೆ ಅದು ಸಣ್ಣ ವಿಷಯ ಅಲ್ಲ.

ಚಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಕತ್ತಲು. ಇವೆರಡೂ ಬೇರೆ ಬೇರೆ ಎಂದು ಹೊರಡುವ ಮೊದಲೇ ತಿಳಿದಿರಿ. ಡಿಸೆಂಬರ್ 21ರ ಸುಮಾರಿಗೆ ಹೆಲ್ಸಿಂಕಿಯಲ್ಲಿ ಹಗಲು ಆರು ಗಂಟೆಗೂ ಕಡಿಮೆ. ಮಾಸ್ಕೋದಲ್ಲಿ ಸುಮಾರು ಏಳು ಗಂಟೆ. ಲಂಡನ್‌ನಲ್ಲಿ ಚಳಿ ಅಷ್ಟೇನೂ ಇಲ್ಲ, ಆದರೂ ಎಂಟು ಗಂಟೆ ತುಂಬುವುದಿಲ್ಲ. ಟೊರಾಂಟೊ, ಚಿಕಾಗೋಗಳಲ್ಲಿ ಒಂಬತ್ತು ಗಂಟೆಯ ಆಸುಪಾಸು. ಮೋಡದ ಲೆಕ್ಕ ಇದಕ್ಕಿಂತ ಬೇರೆ. ಕೆನಡಾದಲ್ಲೇ ನೋಡಿ, ವಿನಿಪೆಗ್‌ನಲ್ಲಿ ಮೈ ಕೊರೆಯುವ ಚಳಿ, ಆದರೆ ಎಷ್ಟೋ ದಿನ ಬಿಸಿಲು ಫಳಫಳ ಅನ್ನುತ್ತದೆ. ವ್ಯಾಂಕೂವರ್‌ನಲ್ಲಿ ಚಳಿ ಕಡಿಮೆ, ಆದರೆ ವಾರಗಟ್ಟಲೆ ಮೋಡ, ಮಳೆ. ಹಾಗಾಗಿ ಊರಿನ ಬಗ್ಗೆ ವಿಚಾರಿಸುವಾಗ ಎಷ್ಟು ಡಿಗ್ರಿ ಎಂದು ಕೇಳಿದರೆ ಸಾಲದು. ಡಿಸೆಂಬರ್‌ನಲ್ಲಿ ಸೂರ್ಯ ಎಷ್ಟಕ್ಕೆ ಮುಳುಗುತ್ತಾನೆ, ಬಿಸಿಲು ಎಷ್ಟು ದಿನ ಕಾಣುತ್ತದೆ ಎಂದೂ ಕೇಳಿ.

ಅಮೆರಿಕ, ಕೆನಡಾದ ಹೆಚ್ಚಿನ ಕಡೆ ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಹಾಗಾಗಿ ಸಂಜೆ ಒಂದು ಗಂಟೆ ಬೇಗ ಕತ್ತಲಾಗುತ್ತದೆ. ಡಿಸೆಂಬರ್ ಆರಂಭಕ್ಕೆ ಚಿಕಾಗೋದಲ್ಲಿ ನಾಲ್ಕೂವರೆಯೊಳಗೇ ಸೂರ್ಯ ಮುಳುಗಿರುತ್ತಾನೆ. ಆಫೀಸಿಗೆ ಹೋಗಿ ಬರುವವರು ವಾರಪೂರ್ತಿ ಹಗಲನ್ನು ಕಿಟಕಿಯಿಂದಲೇ ನೋಡಬೇಕು. ಮನೆಯಲ್ಲಿ ಜನ ಇದ್ದವರಿಗೆ ಕತ್ತಲಾಗುವುದೆಂದರೆ ಮನೆ ತುಂಬುವ ಹೊತ್ತು. ಒಬ್ಬರೇ ಇರುವವರಿಗೆ ಐದು ಗಂಟೆಯಿಂದ ಹನ್ನೊಂದರವರೆಗೆ ಆರು ಗಂಟೆ ಮುಂದೆ ಬಿದ್ದಿರುತ್ತದೆ. ಆ ಆರು ಗಂಟೆಗೆ ಏನು ಮಾಡುತ್ತೀರಿ ಅನ್ನುವುದೇ ನಿಮ್ಮ ನಿಜವಾದ ಪ್ರಶ್ನೆ.

ಈಗ ತಿಂಗಳ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸದಾಗಿ ಊರು ಬದಲಿಸಿದ ದೊಡ್ಡವರನ್ನೂ, ಆಗಷ್ಟೇ ಕಾಲೇಜು ಸೇರಿದವರನ್ನೂ ಕೇಳಿ ಮಾಡಿದ್ದು. ಬರೀ ಪರಿಚಯ ಇದ್ದವರು ಒಂದು ಮಟ್ಟಿಗೆ ಗೆಳೆಯರಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಗೆಳೆಯರು ಎನ್ನಲು ಸುಮಾರು 90, ಆಪ್ತರಾಗಲು 200ಕ್ಕೂ ಹೆಚ್ಚು ಗಂಟೆ ಎಂದು ಅವರು ಅಂದಾಜು ಮಾಡಿದರು. ಸುಮ್ನೆ ಹರಟುತ್ತಾ, ಆಡುತ್ತಾ ಕಳೆದ ಸಮಯಕ್ಕೆ ಇದ್ದ ಬೆಲೆ ಕೆಲಸದ ಜಾಗದಲ್ಲಿ ಒಟ್ಟಿಗಿದ್ದ ಸಮಯಕ್ಕೆ ಸಿಗಲಿಲ್ಲ ಎಂಬುದೂ ಅದರಲ್ಲಿದೆ.

ಇದನ್ನು ನಿಮ್ಮ ಕ್ಯಾಲೆಂಡರ್ ಮೇಲೆ ಇಟ್ಟು ನೋಡಿ. ವಾರಕ್ಕೊಮ್ಮೆ ಎರಡು ಗಂಟೆ ಒಂದೇ ಗುಂಪಿನ ಜೊತೆ ಕಳೆದರೆ 50 ಗಂಟೆ ಆಗಲು 25 ವಾರ ಬೇಕು. ಏಪ್ರಿಲ್ ಮಧ್ಯದಲ್ಲಿ ಹೋದರೆ ಅಕ್ಟೋಬರ್ ಹೊತ್ತಿಗೆ ಆ ಲೆಕ್ಕ ತುಂಬುತ್ತದೆ. ಕತ್ತಲು ಶುರುವಾಗುವಾಗ ಫೋನ್ ಮಾಡಿ "ಬರ್ತೀಯಾ?" ಎಂದು ಕೇಳುವಷ್ಟು ಸಲಿಗೆಯ ನಾಲ್ಕು ಜನ ಇರುತ್ತಾರೆ. ಅದೇ ನವೆಂಬರ್‌ನಲ್ಲಿ ಇಳಿದರೆ ಗುಂಪುಗಳೆಲ್ಲ ಒಳಗೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ನೀವು ಹೊರಗಿನಿಂದ ತಟ್ಟಬೇಕು. ಅಲ್ಲಿಯ ಜನ ಕೆಟ್ಟವರಲ್ಲ. ಚಳಿಯಲ್ಲಿ ಹೊರಬೀಳುವುದೇ ಒಂದು ಕೆಲಸ ಆದ್ದರಿಂದ, ಮೊದಲೇ ಗೊತ್ತಿದ್ದವರನ್ನಷ್ಟೇ ನೋಡಲು ಹೊರಡುತ್ತಾರೆ. ಬೇಸಿಗೆಯಲ್ಲಿ ಅದೇ ಜನ ಪಾರ್ಕಿನಲ್ಲಿ ಅಪರಿಚಿತರ ಜೊತೆಗೂ ಗಂಟೆಗಟ್ಟಲೆ ಮಾತಾಡುತ್ತಾರೆ.

200 ಗಂಟೆಯ ಲೆಕ್ಕವನ್ನೂ ಮರೆಯಬೇಡಿ. ವಾರಕ್ಕೆ ಎರಡು ಗಂಟೆಯಂತೆ ಅದು ಹತ್ತಿರಹತ್ತಿರ ಎರಡು ವರ್ಷ. ಹಾಗಾಗಿ ಮೊದಲ ಚಳಿಗಾಲ ಕಳೆದ ಕೂಡಲೇ "ಈ ಊರು ನನಗಲ್ಲ" ಎಂದು ತೀರ್ಮಾನಿಸಬೇಡಿ. ಎರಡನೆಯದನ್ನೂ ನೋಡಿ. ನನಗಂತೂ ಎರಡನೇ ಚಳಿಗಾಲ ಬೇರೆಯೇ ಊರಿನಂತೆ ಇತ್ತು.

ಕಂಪನಿಯವರು ನವೆಂಬರ್‌ಗೇ ಬರಬೇಕು ಎಂದು ಪಟ್ಟು ಹಿಡಿದರೆ? ಆಗ ಮೊದಲ ಆರು ತಿಂಗಳು ಒಂಟಿ ಮನೆ ಬೇಡ. ಇಬ್ಬರು ಮೂವರು ಹಂಚಿಕೊಂಡಿರುವ ಮನೆಯಲ್ಲಿ ಒಂದು ರೂಮು ತೆಗೆದುಕೊಳ್ಳಿ. ಅವರು ಆಪ್ತರಾಗಬೇಕು ಅಂತೇನಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಕೇಳಿಸಿದರೂ ಆ ಸಂಜೆಗಳ ಭಾರ ಎಷ್ಟೋ ಇಳಿಯುತ್ತದೆ. ಈ ವಯಸ್ಸಿನಲ್ಲಿ ರೂಮ್‌ಮೇಟಾ ಎಂದು ಮುಜುಗರ ಪಡಬೇಡಿ.

ಮನೆ ಎಲ್ಲಿ ಅನ್ನುವುದರಲ್ಲಿ ನನಗೆ ಖಡಾಖಂಡಿತ ಅಭಿಪ್ರಾಯ ಇದೆ. ದೂರದ ದೊಡ್ಡ ಮನೆಗಿಂತ ಮೆಟ್ರೋ ಹತ್ತಿರದ ಪುಟ್ಟ ಮನೆ ಸಾವಿರ ಪಾಲು ಮೇಲು. ಬೇಸಿಗೆಯ ಹದಿನೈದು ನಿಮಿಷದ ನಡಿಗೆ ಜನವರಿಯಲ್ಲಿ ಮನೆಯಲ್ಲೇ ಉಳಿಯಲು ಒಂದು ನೆಪ ಆಗಿಬಿಡುತ್ತದೆ. ಟೊರಾಂಟೊದ ಪಾಥ್ ಎಂಬ ನೆಲದಡಿಯ ದಾರಿ 30 ಕಿಲೋಮೀಟರ್‌ಗೂ ಉದ್ದ, ಮಾಂಟ್ರಿಯಲ್‌ನಲ್ಲೂ ಅಂಥದ್ದಿದೆ, ಮಿನಿಯಾಪೊಲಿಸ್‌ನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆಗಳಿವೆ. ಕೇಳಿದರೆ ಖುಷಿಯಾಗುತ್ತದೆ. ಆದರೆ ಇವೆಲ್ಲ ಹೆಚ್ಚಾಗಿ ಆಫೀಸುಗಳಿರುವ ಕಡೆ ಇರುವಂಥವು. ವಾರಾಂತ್ಯಕ್ಕೆ ಅಲ್ಲಿ ಎಷ್ಟೋ ಅಂಗಡಿ ಮುಚ್ಚಿರುತ್ತವೆ. ಅದಕ್ಕಿಂತ ಮನೆ ಹತ್ತಿರ ಒಳ್ಳೆಯ ಲೈಬ್ರರಿ, ಈಜುಕೊಳ, ಒಳಾಂಗಣ ಆಟದ ಜಾಗ ಇದೆಯಾ ನೋಡಿ. ಹೆಲ್ಸಿಂಕಿಯಲ್ಲಿ 2018ರ ಡಿಸೆಂಬರ್‌ನಲ್ಲಿ ತೆರೆದ ಊಡಿ ಲೈಬ್ರರಿಯಲ್ಲಿ ಪುಸ್ತಕದ ಜೊತೆಗೆ ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರ್, ಸಂಗೀತ ಅಭ್ಯಾಸದ ಕೋಣೆ ಎಲ್ಲ ಇವೆ. ಕತ್ತಲ ತಿಂಗಳಲ್ಲಿ ಜನ ದುಡ್ಡು ಖರ್ಚು ಮಾಡದೆ ಜನರ ನಡುವೆ ಕೂರಲು ಜಾಗ ಬೇಕು ಎಂದು ಆ ಊರಿಗೆ ಗೊತ್ತಿದೆ.

ಇನ್ನೊಂದು ಮಾತು. ಒಬ್ಬರೇ ಇರುವವರು ಎರಡು ದಿನ ಕಾಣದಿದ್ದರೆ ವಿಚಾರಿಸುವವರು ಯಾರು ಎಂದು ಯೋಚಿಸಿದ್ದೀರಾ? ಒಂದು ಜನವರಿಯಲ್ಲಿ ನನಗೆ ಜೋರು ಜ್ವರ. ಹೊರಗೆ ಎರಡು ದಿನದಿಂದ ಹಿಮ ಸುರಿಯುತ್ತಿತ್ತು. ಆಫೀಸಿಗೆ ಮೆಸೇಜು ಹಾಕಿ ಮಲಗಿದ್ದೆ, ಅಲ್ಲಿಂದ "ಹುಷಾರು" ಎಂದು ಉತ್ತರ ಬಂತು, ಅಷ್ಟೇ. ಮಂಗಳವಾರ ಸಂಜೆ ಬ್ಯಾಡ್ಮಿಂಟನ್‌ಗೆ ಬರಲಿಲ್ಲ ಎಂದು ಜೊತೆಗೆ ಆಡುವವರೊಬ್ಬರು ಫೋನ್ ಮಾಡಿದರು. ದನಿ ಕೇಳಿ, ಮುಕ್ಕಾಲು ಗಂಟೆಯಲ್ಲಿ ಮಾತ್ರೆಯನ್ನೂ ಬಿಸಿ ಸೂಪನ್ನೂ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬೂಟಿನಿಂದ, ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ಬೆರೆತ ನೀರು ಹೊಸ್ತಿಲ ತುಂಬ ಹರಿದಿತ್ತು. ಅವರು ನನ್ನ ಆಪ್ತರೇನಲ್ಲ, ವಾರಕ್ಕೊಮ್ಮೆ ಎದುರು ನಿಂತು ಆಡುವವರು. ಆದರೆ ನಾನು ಬರಬೇಕಿದ್ದ ದಿನ ಯಾವುದು ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಹೇಳುತ್ತೇನೆ, ವಾರದಲ್ಲಿ ಒಂದು ದಿನ, ಒಂದೇ ಜಾಗ, ಅದೇ ಜನ. ಹಾಡೋ, ಆಟವೋ, ಭಾಷೆ ಕಲಿಯುವ ತರಗತಿಯೋ ನಿಮಗೆ ಬಿಟ್ಟಿದ್ದು. ಒಂದೊಂದು ವಾರ ಒಂದೊಂದು ಹೊಸ ಕಾರ್ಯಕ್ರಮಕ್ಕೆ ಹೋದರೆ ಇದು ಆಗುವುದಿಲ್ಲ.

ಸಂಗಾತಿ ಸಿಗುತ್ತಾರಾ ಎಂದೂ ಕೇಳಿದ್ದೀರಿ. ದೊಡ್ಡ ಊರಿನಲ್ಲಿ ಸಿಂಗಲ್ ಇರುವವರು ಜಾಸ್ತಿ, ಹಾಗಾಗಿ ಅವಕಾಶವೂ ಜಾಸ್ತಿ. ಫಿನ್‌ಲೆಂಡ್‌ನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮನೆಗಳು ಒಬ್ಬರೇ ಇರುವಂಥವು. ಅಂಥ ಕಡೆ ನೀವು ಒಬ್ಬರೇ ಸಿನಿಮಾಗೆ ಹೋದರೂ, ಒಬ್ಬರೇ ಕೂತು ಊಟ ಮಾಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಆ ಹಗುರ ನನಗೆ ತುಂಬಾ ಹಿಡಿಸಿತು. ಒಂದು ಎಚ್ಚರಿಕೆ ಮಾತ್ರ: ಡಿಸೆಂಬರ್‌ನ ಕತ್ತಲಿಗೆ ಹೆದರಿ ಯಾರನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ. ಭೇಟಿಗೆ ವಾರಾಂತ್ಯದ ಹಗಲು ಹೊತ್ತು ಇಟ್ಟುಕೊಳ್ಳಿ. ಬೆಳಕಿನಲ್ಲಿ ಇಬ್ಬರಿಗೂ ಮಾತು ಸಲೀಸಾಗಿ ಬರುತ್ತದೆ.

ಯಾರು ಹೋಗಬಾರದು? ಪ್ರತಿ ಚಳಿಗಾಲಕ್ಕೂ ಮನಸ್ಸು ಕುಸಿಯುವ, ನಿದ್ದೆ ವಿಪರೀತ ಜಾಸ್ತಿಯಾಗುವ ಅನುಭವ ನಿಮಗೆ ಈಗಾಗಲೇ ಇದ್ದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಇದಕ್ಕೆ ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಎನ್ನುತ್ತಾರೆ. ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ಇದನ್ನು ವಿವರಿಸಿದರು. ಬೆಳಿಗ್ಗೆ 10,000 ಲಕ್ಸ್ ಬೆಳಕಿನ ದೀಪದ ಮುಂದೆ ಅರ್ಧ ಗಂಟೆ ಕೂರುವುದು ಇದರ ಸಾಮಾನ್ಯ ಚಿಕಿತ್ಸೆಗಳಲ್ಲಿ ಒಂದು. ಕಣ್ಣಿನ ತೊಂದರೆ ಇರುವವರು, ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಅದನ್ನು ಶುರು ಮಾಡಬಾರದು. ಹಾಗೆಯೇ, ಈಗಷ್ಟೇ ಒಂದು ಸಂಬಂಧ ಮುರಿದು, ಎಲ್ಲಿಗಾದರೂ ಓಡಿಹೋದರೆ ಸಾಕು ಎನ್ನುವ ಸ್ಥಿತಿಯಲ್ಲಿದ್ದರೆ ಸ್ವಲ್ಪ ತಡೆಯಿರಿ. ಖಾಲಿ ಸಂಜೆಗಳು ಆ ನೋವನ್ನು ಇನ್ನಷ್ಟು ಕೆದಕುತ್ತವೆ.

ಸಾಧ್ಯವಾದರೆ ಒಪ್ಪಿಕೊಳ್ಳುವ ಮೊದಲು ಒಮ್ಮೆ ಹೋಗಿ ಬನ್ನಿ. ಜೂನ್‌ನಲ್ಲಿ ಬೇಡ, ಆಗ ಎಂಥ ಊರೂ ಚೆನ್ನಾಗಿಯೇ ಕಾಣುತ್ತದೆ. ಹೊಸ ವರ್ಷದ ದೀಪಗಳೆಲ್ಲ ಇಳಿದ ಮೇಲೆ, ಜನವರಿ ಕೊನೆಗೋ ಫೆಬ್ರವರಿಗೋ ಹೋಗಿ. ಪ್ರವಾಸಿ ಜಾಗಗಳನ್ನು ಬಿಡಿ. ವಾರದ ದಿನ ಸಂಜೆ, ನೀವು ಬಾಡಿಗೆಗೆ ನೋಡುತ್ತಿರುವ ಬೀದಿಯಲ್ಲಿ ದಿನಸಿಯ ಚೀಲ ಹಿಡಿದು ನಿಲ್ದಾಣದಿಂದ ನಡೆದು ನೋಡಿ. ಎಂಟು ಗಂಟೆಗೆ ರಸ್ತೆಯಲ್ಲಿ ಜನ ಇದ್ದಾರಾ, ಕಾಲುದಾರಿಯ ಹಿಮ ತೆಗೆದಿದ್ದಾರಾ, ನಿಮಗೆ ಬೇಕಾದ ತರಗತಿಯೋ ಆಟದ ಗುಂಪೋ ಆ ಹೊತ್ತಿಗೂ ನಡೆಯುತ್ತಿದೆಯಾ ಎಂದು ಗಮನಿಸಿ.

ಕೆಲಸ ಇಷ್ಟದ್ದು ಎಂದಿದ್ದೀರಿ, ಪರಿಚಯದವರು ಇಬ್ಬರಾದರೂ ಇದ್ದಾರೆ. ನಾನಾಗಿದ್ದರೆ ಇಷ್ಟಕ್ಕೇ ಹೊರಡುತ್ತಿದ್ದೆ. ಆಫರ್ ಲೆಟರ್‌ಗೆ ಉತ್ತರ ಬರೆಯುವಾಗ ಸೇರುವ ದಿನವನ್ನು ಏಪ್ರಿಲ್‌ಗೆ ಹಾಕಿಕೊಡಿ ಎಂದು ಕೇಳಿ. ಇಲ್ಲ ಎಂದರೆ ಮಾರ್ಚ್ ಕೊನೆಗೆ ಒಪ್ಪಿಕೊಳ್ಳಿ. ಊರಿನ ಹೆಸರು ಇಲ್ಲಿ ಬರೆಯಲು ಅಡ್ಡಿಯಿಲ್ಲದಿದ್ದರೆ ಬರೆಯಿರಿ. ಅಲ್ಲಿ ಒಬ್ಬರೇ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಯಾವ ಬಡಾವಣೆಯಲ್ಲಿ ಮನೆ ನೋಡಬೇಕು ಎಂದು ನನಗಿಂತ ಚೆನ್ನಾಗಿ ಹೇಳುತ್ತಾರೆ.