ಝೆಂಗ್ ಝಿ ಲೇಖನ: ಕಪ್‌ಗಳ ಪಟ್ಟಿ ಸಾಕು, ಆಟಗಾರ ಬೇಕು

ನಮಸ್ಕಾರ. ಚೀನಾದ ಫುಟ್‌ಬಾಲ್ ಮಿಡ್‌ಫೀಲ್ಡರ್ ಝೆಂಗ್ ಝಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ, ಯಾಕಂದ್ರೆ ಮೆಸ್ಸಿ, ರೊನಾಲ್ಡೊ ಬಗ್ಗೆ ಕನ್ನಡದಲ್ಲಿ ಬರೆಯುವವರು ಬೇಕಾದಷ್ಟಿದ್ದಾರೆ, ಶೆನ್ಯಾಂಗ್‌ನಲ್ಲಿ ಹುಟ್ಟಿದ ಒಬ್ಬ ಆಟಗಾರನ ಬಗ್ಗೆ ಇಷ್ಟು ಓದಿಕೊಂಡು ಬರೆಯುವವರು ಸಿಗುವುದಿಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಲೇಖನ ಗಂಡಿನ ಕಡೆಯವರು ಕಳಿಸುವ ಬಯೋಡೇಟಾ ಥರ ಇದೆ. 2004ರಲ್ಲಿ ಶೆನ್‌ಝೆನ್ ತಂಡದ ಜೊತೆ ಚೀನೀ ಸೂಪರ್ ಲೀಗ್, 2006ರಲ್ಲಿ ಶಾಂಡಾಂಗ್ ಜೊತೆ ಲೀಗ್ ಮತ್ತು ಕಪ್ ಎರಡೂ, ಆಮೇಲೆ ಇಂಗ್ಲೆಂಡಿನ ಚಾರ್ಲ್‌ಟನ್, ಸ್ಕಾಟ್ಲೆಂಡಿನ ಸೆಲ್ಟಿಕ್, ಚೀನಾದ ಗುವಾಂಗ್‌ಝೌ ಕ್ಲಬ್‌ಗಳು, 2013ರಲ್ಲಿ ಏಷ್ಯಾದ ವರ್ಷದ ಆಟಗಾರ. ಎಲ್ಲವೂ ನಿಜ. ಆದರೆ ಈ ಮನುಷ್ಯನಿಗೆ ಕಷ್ಟ ಅನ್ನುವುದೇ ಬರಲಿಲ್ಲವೇನೋ ಅನ್ನಿಸುತ್ತದೆ.

2006ರ ಜೂನ್ 7 ಎಲ್ಲಿ ಹೋಯಿತು? ವಿಶ್ವಕಪ್ ಶುರುವಾಗಲು ಎರಡೇ ದಿನ ಬಾಕಿ. ಸೇಂಟ್ ಎಟಿಯೆನ್‌ನಲ್ಲಿ ಫ್ರಾನ್ಸ್ ಮತ್ತು ಚೀನಾ ಸೌಹಾರ್ದ ಪಂದ್ಯ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಚೆಂಡಿನ ಹಿಂದೆ ಓಡುತ್ತಿದ್ದ ಫ್ರಾನ್ಸ್‌ನ ಜಿಬ್ರಿಲ್ ಸಿಸ್ಸೆ ಮೇಲೆ ಝೆಂಗ್ ಝಿ ಹಿಂದಿನಿಂದ ಬಂದರು, ಸಿಸ್ಸೆ ಕಾಲು ಮುರಿಯಿತು. ಸಿಸ್ಸೆಯ ವಿಶ್ವಕಪ್ ಅಲ್ಲೇ ಮುಗಿಯಿತು. ಅದಕ್ಕಿಂತ ಎರಡು ವರ್ಷ ಹಿಂದೆ ಇನ್ನೊಂದು ಕಾಲು ಮುರಿದುಕೊಂಡು ಚೇತರಿಸಿಕೊಂಡಿದ್ದ ಆಟಗಾರ ಅವರು. ಅದೇ ಪಂದ್ಯದಲ್ಲಿ ಚೀನಾದ ಒಂದೇ ಗೋಲನ್ನು ಪೆನಾಲ್ಟಿಯಲ್ಲಿ ಹೊಡೆದದ್ದೂ ಝೆಂಗ್ ಝಿ. ಒಬ್ಬನನ್ನು ಸ್ಟ್ರೆಚರ್ ಮೇಲೆ ಹೊರಗೆ ಸಾಗಿಸಿದ್ದನ್ನು ನೋಡಿ, ಮತ್ತೆ ಒಂದು ಗಂಟೆ ಅದೇ ಮೈದಾನದಲ್ಲಿ ಆಡಿ, ಪೆನಾಲ್ಟಿ ಹೊಡೆಯಲು ಚೆಂಡು ಇಟ್ಟುಕೊಳ್ಳುವುದು ಅಂದ್ರೆ ಏನು, ಯೋಚನೆ ಮಾಡಿ. ಇದನ್ನು ನೀವು ಒಂದು ಸಾಲಿನಲ್ಲೂ ಹೇಳಿಲ್ಲ.

2008ರ ಬೀಜಿಂಗ್ ಒಲಿಂಪಿಕ್ಸ್ ಬಗ್ಗೆಯೂ 'ತವರಿನಲ್ಲಿ ದೇಶವನ್ನು ಪ್ರತಿನಿಧಿಸಿದರು' ಅಂತ ಮುಗಿಸಿದ್ದೀರಿ. ಎಳೆಯರ ತಂಡಕ್ಕೆ ಹಿರಿಯ ಆಟಗಾರನಾಗಿ ಹೋದವರು ಬೆಲ್ಜಿಯಂ ವಿರುದ್ಧ ಮೊಣಕೈ ಬೀಸಿ ರೆಡ್ ಕಾರ್ಡ್ ತಿಂದರು, ತಂಡ 0-2 ಸೋತಿತು. ನಿಮಗೆ ಅವರ ಮೇಲೆ ಅಭಿಮಾನ ಇದೆ, ಗೊತ್ತಾಗುತ್ತದೆ, ಅದು ಒಳ್ಳೆಯದೇ. ಆದರೆ ಇದನ್ನೆಲ್ಲ ಮುಚ್ಚಿಟ್ಟರೆ ಓದುಗರು ಉಳಿದದ್ದನ್ನೂ ನಂಬುವುದಿಲ್ಲ.

ನನ್ನ ಪ್ರಕಾರ ನಿಮ್ಮ ಕಥೆ ಇರುವುದು 2010ರಲ್ಲಿ. ಅದಕ್ಕೂ ಮೊದಲು, ಝೆಂಗ್ ಝಿ ಇಂಗ್ಲೆಂಡಿಗೆ ಹೋದ ವರ್ಷವೇ ಚಾರ್ಲ್‌ಟನ್ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು. 2009ರಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ. ಗ್ಲಾಸ್ಗೋದ ಸೆಲ್ಟಿಕ್‌ನಲ್ಲಿ ಒಂದೇ ಸೀಸನ್. ಮೂವತ್ತು ತುಂಬುವ ಹೊತ್ತಿಗೆ ಚೀನಾಕ್ಕೆ ವಾಪಸ್ ಬಂದು ಸೇರಿದ ಗುವಾಂಗ್‌ಝೌ ನೀವು ಬರೆದ ಹಾಗೆ 'ದೈತ್ಯ ಕ್ಲಬ್' ಆಗಿರಲೇ ಇಲ್ಲ! ಮ್ಯಾಚ್ ಫಿಕ್ಸಿಂಗ್ ಪ್ರಕರಣಕ್ಕೆ ಶಿಕ್ಷೆಯಾಗಿ ಎರಡನೇ ದರ್ಜೆಗೆ ತಳ್ಳಿದ್ದ ತಂಡ ಅದು, ಅದೇ ವರ್ಷ ಎವರ್‌ಗ್ರಾಂಡ್ ಎಂಬ ಕಟ್ಟಡ ಕಂಪನಿ ಅದನ್ನು 10 ಕೋಟಿ ಯುವಾನ್‌ಗೆ ಕೊಂಡಿತ್ತು. ಅಲ್ಲಿಂದ ಮುಂದೆ 2011ರಿಂದ 2017ರವರೆಗೆ ಸತತ ಏಳು ಲೀಗ್ ಪ್ರಶಸ್ತಿ, 2013 ಮತ್ತು 2015ರಲ್ಲಿ ಏಷ್ಯಾ ಚಾಂಪಿಯನ್ಸ್ ಲೀಗ್. ಬೇರೆಯವರು ಬೂಟು ಬಿಚ್ಚುವ ವಯಸ್ಸಿನಲ್ಲಿ ಇವರ ಒಳ್ಳೆಯ ದಿನಗಳು ಶುರುವಾದವು. ಲೇಖನವನ್ನು ಇಲ್ಲಿಂದಲೇ ಶುರು ಮಾಡಿ, ಶೆನ್‌ಝೆನ್, ಶಾಂಡಾಂಗ್ ಎಲ್ಲ ಆಮೇಲೆ ಎರಡು ಸಾಲಿನಲ್ಲಿ ಬರಲಿ.

ಇನ್ನೊಂದು ದೊಡ್ಡ ಕೊರತೆ: ಅವರು ಮೈದಾನದಲ್ಲಿ ಏನು ಮಾಡುತ್ತಿದ್ದರು ಅಂತ ಎಲ್ಲೂ ಇಲ್ಲ. 'ಮಧ್ಯಮೈದಾನದ ಜೀವಾಳ' ಅಂತ ಬರೆದರೆ ಓದುಗರಿಗೆ ಏನೂ ಕಾಣುವುದಿಲ್ಲ. 2013ರ ಏಷ್ಯಾ ಚಾಂಪಿಯನ್ಸ್ ಲೀಗ್ ಫೈನಲ್‌ನ ಎರಡು ಪಂದ್ಯಗಳಲ್ಲಿ ಎರಡನೆಯದನ್ನು ಪೂರ್ತಿ ನೋಡಿ, ದಕ್ಷಿಣ ಕೊರಿಯಾದ ಎಫ್‌ಸಿ ಸೋಲ್ ವಿರುದ್ಧ ಗುವಾಂಗ್‌ಝೌದಲ್ಲಿ ನಡೆದದ್ದು. ಚೆಂಡನ್ನು ಬಿಟ್ಟುಬಿಡಿ, ಅವರೊಬ್ಬರ ಮೇಲೆ ಕಣ್ಣಿಡಿ. ಡಿಫೆಂಡರ್‌ಗಳಿಂದ ಪಾಸ್ ತೆಗೆದುಕೊಳ್ಳುವ ಮೊದಲು ಎತ್ತ ನೋಡುತ್ತಾರೆ, ತಂಡದ ದಾಳಿ ಆಟಗಾರರಾದ ಕೊಂಕಾ, ಮುರಿಕಿ ಮುಂದೆ ಓಡಿದಾಗ ಹಿಂದೆ ಖಾಲಿಯಾದ ಜಾಗದಲ್ಲಿ ಯಾರು ನಿಲ್ಲುತ್ತಾರೆ, ಇದನ್ನು ನೋಡಿ ಬರೆಯಿರಿ. ಫುಟ್‌ಬಾಲ್ ಗೊತ್ತಿಲ್ಲದವರಿಗೂ ಆಗ ಅರ್ಥವಾಗುತ್ತದೆ, ಅಲ್ವಾ?

ಅಂದಹಾಗೆ ಆ ಫೈನಲ್ ಗೆದ್ದದ್ದು 'ಭರ್ಜರಿಯಾಗಿ' ಅಲ್ಲ. 2-2, 1-1, ಎರಡೂ ಪಂದ್ಯ ಸಮ, ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದ ಲೆಕ್ಕದಲ್ಲಿ ಗೆದ್ದದ್ದು. 'ಏಷ್ಯಾ ಗೆದ್ದ ಮೊದಲ ಚೀನೀ ಕ್ಲಬ್' ಅನ್ನುವುದೂ ತಪ್ಪು. ಈ ಟೂರ್ನಿಯ ಹಳೆಯ ರೂಪವನ್ನು 1990ರಲ್ಲೇ ಲಿಯಾವೊನಿಂಗ್ ಗೆದ್ದಿತ್ತು, ಝೆಂಗ್ ಝಿ ಹುಟ್ಟಿದ ಪ್ರಾಂತ್ಯದ ತಂಡ ಅದು. ಆಗ ಅವರಿಗೆ ಹತ್ತು ವರ್ಷವೂ ತುಂಬಿರಲಿಲ್ಲ. ಇಂಥದ್ದು ಕೈಗೆ ಸಿಕ್ಕಾಗ ಬಿಡಬಾರದು. ಹಾಗೇ ಗುವಾಂಗ್‌ಝೌ ಕ್ಲಬ್ 'ಇಂದಿಗೂ' ಅಂತ ಬರೆದ ವಾಕ್ಯ ತೆಗೆಯಿರಿ, ಸಾಲದ ಹೊರೆಯಿಂದ ಲೀಗ್‌ನಲ್ಲಿ ಆಡುವ ಲೈಸೆನ್ಸ್ ಸಿಗದೆ 2025ರ ಜನವರಿಯಲ್ಲಿ ಅದು ಮುಚ್ಚಿಹೋಯಿತು.

ನಮ್ಮ ಓದುಗರಿಗೆ ಹತ್ತಿರವಾಗಲಿ ಅಂತ 2018ರ ಅಕ್ಟೋಬರ್‌ನ ಸುಝೌ ಪಂದ್ಯ ತಂದಿದ್ದೀರಿ, ಭಾರತ ಚೀನಾವನ್ನು 0-0ಗೆ ತಡೆದದ್ದು. ಬೆಂಗಳೂರು ಎಫ್‌ಸಿಯ ಗುರ್‌ಪ್ರೀತ್ ಸಿಂಗ್ ಗೋಲು ಕಾದದ್ದು ಓದಲು ಚೆನ್ನಾಗಿಯೇ ಇದೆ. ಆದರೆ ಅದು ಗುರ್‌ಪ್ರೀತ್ ಕಥೆ. ಬೇರೆ ಲೇಖನ ಮಾಡಿ, ಖಂಡಿತ ಓದುತ್ತೇನೆ. ಇದರಲ್ಲಿ ಬೇಡ. ಆ ಜಾಗದಲ್ಲಿ, ದೇಶಕ್ಕಾಗಿ 100ಕ್ಕೂ ಜಾಸ್ತಿ ಪಂದ್ಯ ಆಡಿಯೂ ಅವರು ವಿಶ್ವಕಪ್‌ನಲ್ಲಿ ಒಂದು ನಿಮಿಷವೂ ಆಡಲಿಲ್ಲ ಅನ್ನುವುದನ್ನು ಬಿಡಿಸಿ ಬರೆಯಿರಿ. ಚೀನಾ ಅರ್ಹತೆ ಪಡೆದದ್ದು 2002ರಲ್ಲಿ ಒಂದೇ ಸಲ, ಆ ತಂಡದಲ್ಲಿ ಇವರಿರಲಿಲ್ಲ. 38ರ ವಯಸ್ಸಿನಲ್ಲಿ, 2019ರ ಏಷ್ಯಾ ಕಪ್‌ನಲ್ಲೂ ಚೀನಾ ಇವರನ್ನೇ ನೆಚ್ಚಿಕೊಂಡಿತ್ತು.

ತಿದ್ದಿದ್ದನ್ನು ನೇರವಾಗಿ ನನಗೇ ಕಳಿಸಿ, ಈಗಿನದಕ್ಕಿಂತ ಉದ್ದವಾದರೂ ಪರವಾಗಿಲ್ಲ, ಜಾಗ ನಾನು ಹೊಂದಿಸುತ್ತೇನೆ.