ಹಳೆಯ ಕಬ್ಬಿಣದ ಸೇತುವೆಗೆ ಇನ್ನೆಷ್ಟು ವರ್ಷ ಆಯಸ್ಸು?

ತೋಟದ ದಾರಿಯ ಹಳೆಯ ಕಬ್ಬಿಣದ ಸೇತುವೆ ಇನ್ನೆಷ್ಟು ವರ್ಷ ಬಾಳುತ್ತದೆ, ಪೇಂಟ್ ಹೊಡೆಸಿದ್ದೇವೆ, ಕಾಫಿ ಲಾರಿ ಬಿಡಬಹುದಾ ಅಂತ ಕೇಳಿದ್ದೀರಿ. ಮೂಡಿಗೆರೆ ಕಡೆಯ ಒಂದು ಊರಿನವರು ನನ್ನನ್ನೂ ಇದನ್ನೇ ಕೇಳಿದ್ದರು. ಆಗ ನಾನು ಇಂಜಿನಿಯರ್ ಆಗಿ ಮೂರು ವರ್ಷ. ಒಂದು ಸಂಖ್ಯೆ ಹೇಳಿಬಿಟ್ಟೆ.

ಜನವರಿಯ ಬಿಸಿಲಲ್ಲಿ ಹೋಗಿದ್ದೆ. ದಪ್ಪ ಅಳೆಯುವ ಅಲ್ಟ್ರಾಸೋನಿಕ್ ಮೀಟರ್ ಹಿಡಿದು ಗರ್ಡರಿನ (ಸೇತುವೆ ಹೊರುವ ಉದ್ದನೆಯ ತೊಲೆ) ನಡುಭಾಗದಲ್ಲಿ, ಕೈಗೆ ಸಿಕ್ಕ ಕಡೆಯೆಲ್ಲ ಅಳೆದೆ. ಅದರ ನಿಂತಿರುವ ಪ್ಲೇಟ್ 10 ಮಿ.ಮೀ. ಇದ್ದದ್ದು 9 ಉಳಿದಿತ್ತು. 60 ವರ್ಷಕ್ಕೆ 1 ಮಿ.ಮೀ. ಸವೆದಿದೆ, ಇನ್ನೂ 40 ವರ್ಷ ಧಾರಾಳ ಅಂತ ಬರೆದುಕೊಟ್ಟೆ.

ತುದಿಗಳನ್ನು ನೋಡಲೇ ಇಲ್ಲ. ಗರ್ಡರ್ ಕಲ್ಲಿನ ಕಟ್ಟೆಯ ಮೇಲೆ ಕೂರುವ ಜಾಗದಲ್ಲಿ, ಬೇರಿಂಗ್ (ಗರ್ಡರಿನ ಆಧಾರ) ಸುತ್ತ, ಸಿಲ್ವರ್ ಓಕ್ ಎಲೆ, ಮಣ್ಣು ಮೊಣಕೈ ಮುಳುಗುವಷ್ಟಿತ್ತು. ಕೆರೆದು ತೆಗೆಯಲು ಅರ್ಧ ದಿನ ಸಾಕಿತ್ತು, ತೆಗೆಸಲಿಲ್ಲ. ರಸ್ತೆಯ ಸಂದಿಯಿಂದ ಮಳೆನೀರು ಇಳಿಯುವುದು ಅಲ್ಲಿಗೇ. ಜೂನ್‌ನಲ್ಲಿ ಒದ್ದೆಯಾದ ಆ ರಾಶಿ ದೀಪಾವಳಿ ಕಳೆದರೂ ಆರುವುದಿಲ್ಲ, ಹಾಗಾಗಿ ಅಲ್ಲಿ ತುಕ್ಕು ತಿನ್ನುವ ವೇಗವೇ ಬೇರೆ. ಇನ್ನೊಂದು ವಿಷಯ. ಗರ್ಡರಿನ ನಡುವೆ ಜಾಸ್ತಿ ದುಡಿಯುವುದು ಮೇಲಿನ, ಕೆಳಗಿನ ಪಟ್ಟಿಗಳು. ನಿಂತಿರುವ ಪ್ಲೇಟಿಗೆ ಕತ್ತರಿ ಹಾಕಿದಂಥ ಒತ್ತಡ ಬೀಳುವುದು ತುದಿಯಲ್ಲಿ. ಅಂದರೆ ಆ ಪ್ಲೇಟಿಗೆ ಕೆಲಸ ಕಡಿಮೆ ಇರುವ ಕಡೆ ಅಳೆದು, ಜೀವ ಹಿಡಿದಿರುವ ಕಡೆ ಬಿಟ್ಟು ಬಂದಿದ್ದೆ.

ಎರಡನೇ ಮಳೆಗಾಲದಲ್ಲಿ ದಿಮ್ಮಿ ತುಂಬಿದ ಲಾರಿ ದಾಟುವಾಗ ಒಂದು ಗರ್ಡರಿನ ತುದಿ ಮಡಚಿಕೊಂಡಿತು. ಡ್ರೈವರ್ ಬದುಕಿದ. ಆಮೇಲೆ ಮಣ್ಣು ತೆಗೆದು ಅಳೆದರೆ ಪ್ಲೇಟ್ ಉಳಿದಿದ್ದು 3 ಮಿ.ಮೀ. ಸೇತುವೆ ಮುಚ್ಚಿದರು, ಶಾಲೆ ಮಕ್ಕಳು ಒಂದು ವರ್ಷ 7 ಕಿ.ಮೀ. ಸುತ್ತಿ ನಡೆದರು. ಆ ಊರಿಗೆ ಹೋದಾಗ ಯಾರೂ ಬೈಯಲಿಲ್ಲ, ಕೂರಿಸಿ ಕಾಫಿ ಕೊಟ್ಟರು. ಅದು ಇನ್ನೂ ನೋಯುತ್ತದೆ.

ಹಾಗಾಗಿ ಎಷ್ಟು ವರ್ಷ ಅನ್ನುವ ಪ್ರಶ್ನೆಯನ್ನೇ ಬಿಡಿ. ಯಾವ ಜಾಗ ಮೊದಲು ಕೈಕೊಡುತ್ತದೆ, ಎಷ್ಟು ಟನ್ ಬಿಡಬಹುದು, ಮತ್ತೆ ಯಾವಾಗ ನೋಡಬೇಕು ಅಂತ ಕೇಳಿ. ಪೇಂಟ್ ನೋಡಿ ಧೈರ್ಯ ತಗೋಬೇಡಿ, ಅದು ಬಿರುಕನ್ನು ಮುಚ್ಚುತ್ತದೆ. ಅಮೆರಿಕದ ಸಿಲ್ವರ್ ಬ್ರಿಜ್ 1967ರಲ್ಲಿ ಕುಸಿದು 46 ಜನ ಸತ್ತಿದ್ದು ಒಂದು ಕೊಂಡಿಯಲ್ಲಿದ್ದ ಸುಮಾರು 2.5 ಮಿ.ಮೀ. ಆಳದ ಬಿರುಕಿನಿಂದ. ಪೇಂಟ್ ಸೀಳಿ ಕೆಂಪು ಗೆರೆ ಇಳಿದಿದ್ದರೆ, ಸುತ್ತಿಗೆಯಲ್ಲಿ ಬಡಿದಾಗ ರಿವೆಟ್ (ಪ್ಲೇಟುಗಳನ್ನು ಜೋಡಿಸಿರುವ ಮೊಳೆ) ಠಣ್ ಅನ್ನದೆ ಮಂಕಾಗಿ ಸದ್ದು ಮಾಡಿದರೆ ಸೇತುವೆ ಮೇಲಿನ ಓಡಾಟ ನಿಲ್ಲಿಸಿ. ಒಂದೇ ಒಂದು ಓವರ್‌ಲೋಡ್ ಲಾರಿ ತಾನೇ ಅಂತಲೂ ಬಿಡಬೇಡಿ. ಭಾರ ಹತ್ತಿ ಇಳಿದು ಉಕ್ಕು ದಣಿಯುತ್ತದೆ, ಒತ್ತಡ ಎರಡರಷ್ಟಾದರೆ ಆ ದಣಿವು ಸುಮಾರು ಎಂಟರಷ್ಟು.

ಮಳೆ ಹಿಡಿಯುವ ಮುಂಚೆ ನಾಲ್ಕೂ ಮೂಲೆಯ ಎಲೆ, ಮಣ್ಣು ತೆಗೆಸಿ, ಅನುಭವ ಇರುವವರಿಂದ ಅಲ್ಲೇ ಅಳತೆ ಮಾಡಿಸಿ. ಅಲ್ಲಿವರೆಗೆ ಲಾರಿ ಆಚೆ ದಡದಲ್ಲೇ ನಿಲ್ಲಲಿ, ಕಾಫಿ ಮೂಟೆಗಳನ್ನು ಆಳುಗಳು ಹೊತ್ತು ದಾಟಿಸಲಿ.